ವಾದ್ಯದ ಜೊತೆ ವಿಮಾನದಲ್ಲಿ ಆಡಿಷನ್‌ಗೆ: ಟಿಕೆಟ್ ತೆಗೆಯುವ ಮುಂಚೆ ಓದಿ

ಸಂಗೀತ ಶಾಲೆಯ ಆಡಿಷನ್ ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷದಲ್ಲಿ ಮುಗಿದುಹೋಗುತ್ತದೆ. ಅದಕ್ಕಾಗಿ ವರ್ಷಗಟ್ಟಲೆ ಅಭ್ಯಾಸ ನಡೆದಿರುತ್ತದೆ. ಆದರೆ ವಾದ್ಯವನ್ನು ಅಲ್ಲಿಗೆ ಹೇಗೆ ಒಯ್ಯುವುದು ಅಂತ ಹೆಚ್ಚಿನವರು ಯೋಚನೆ ಮಾಡುವುದು ಟಿಕೆಟ್ ಬುಕ್ ಆದ ಮೇಲೆ. ಅಷ್ಟು ಹೊತ್ತಿಗೆ ಯಾವ ವಿಮಾನ, ಎಲ್ಲಿ ಬದಲಾಯಿಸಬೇಕು, ಎಷ್ಟನೆಯವರಾಗಿ ಹತ್ತಬೇಕು ಎಲ್ಲವೂ ತೀರ್ಮಾನವಾಗಿ ಬಿಟ್ಟಿರುತ್ತದೆ. ವಾದ್ಯ ಕ್ಯಾಬಿನ್‌ನಲ್ಲಿ ಬರುತ್ತದೋ ಕೆಳಗಿನ ಲಗೇಜ್‌ಗೆ ಹೋಗುತ್ತದೋ ಅನ್ನುವುದನ್ನು ನಿಜವಾಗಿ ನಿರ್ಧರಿಸುವುದು ಇವೇ. ಹಾಗಾಗಿ ಮೊದಲು ವಾದ್ಯದ ಅಳತೆ ನೋಡಿ, ಆಮೇಲೆ ವಿಮಾನ ನೋಡಿ, ಕೊನೆಗೆ ಟಿಕೆಟ್ ತೆಗೆಯಿರಿ.

ಇನ್ನೊಂದು ಮಾತು. ವಾದ್ಯ ಒಡೆಯದೆ ತಲುಪಿದರೆ ಸಾಕು ಅಂದುಕೊಳ್ಳುತ್ತೇವೆ, ಅಲ್ವಾ? ಆಡಿಷನ್‌ಗೆ ಅಷ್ಟು ಸಾಲದು. ಅದು ನಿಮ್ಮ ಕೈಗೆ ಗೊತ್ತಿರುವ ಹಾಗೇ ನುಡಿಯುವ ಸ್ಥಿತಿಯಲ್ಲಿ ತಲುಪಬೇಕು. ಎರಡಕ್ಕೂ ತುಂಬ ವ್ಯತ್ಯಾಸವಿದೆ, ಈ ಲೇಖನದ ಅರ್ಧ ಭಾಗ ಆ ವ್ಯತ್ಯಾಸದ ಬಗ್ಗೆಯೇ.

ವಿಮಾನದಿಂದ ಶುರು ಮಾಡೋಣ. ಬುಕ್ ಮಾಡುವಾಗ ಪರದೆಯ ಮೇಲೆ ವಿಮಾನದ ಮಾದರಿ ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಬೋಯಿಂಗ್ 737, ಏರ್‌ಬಸ್ ಎ320 ಥರದವಾದರೆ ವಯಲಿನ್, ವಿಯೋಲ ಕೇಸ್‌ಗಳು ತಲೆಯ ಮೇಲಿನ ಬಿನ್‌ನಲ್ಲಿ ಹಿಡಿಯುತ್ತವೆ, ಗಿಟಾರ್ ಕೂಡ ಬಹಳಷ್ಟು ಸಲ ಹಿಡಿಯುತ್ತದೆ. ಸಣ್ಣ ಊರುಗಳಿಗೆ ಹಾರುವ ಪುಟ್ಟ ಜೆಟ್‌ಗಳಲ್ಲಿ, ಉದಾಹರಣೆಗೆ ಸಿಆರ್‌ಜೆ-200 ಅಥವಾ ಎಂಬ್ರೇಯರ್ 145ರಲ್ಲಿ, ಮಾಮೂಲಿ ಸೂಟ್‌ಕೇಸ್‌ಗೇ ಜಾಗವಿರುವುದಿಲ್ಲ. ಎಲ್ಲರ ಪೆಟ್ಟಿಗೆಯನ್ನೂ ವಿಮಾನದ ಬಾಗಿಲಲ್ಲೇ ತೆಗೆದುಕೊಂಡು ಕೆಳಗೆ ಹಾಕುತ್ತಾರೆ. ದೊಡ್ಡ ವಿಮಾನದಲ್ಲಿ ಆರಾಮಾಗಿ ಬಂದು, ಕೊನೆಯ 40 ನಿಮಿಷದ ಹಾರಾಟದಲ್ಲಿ ಗಿಟಾರನ್ನು ಬಿಟ್ಟುಕೊಡಬೇಕಾದ ಪರಿಸ್ಥಿತಿ ಬರುವುದು ಹೀಗೆ. ಅಂಥ ಊರಿಗಾದರೆ ಹತ್ತಿರದ ದೊಡ್ಡ ವಿಮಾನ ನಿಲ್ದಾಣದಲ್ಲಿ ಇಳಿದು ಬಸ್ಸೋ ರೈಲೋ ಹಿಡಿಯುವುದೇ ವಾಸಿ.

ನೇರ ವಿಮಾನಕ್ಕೆ ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟರೂ ನಷ್ಟವಿಲ್ಲ. ಪ್ರತಿಯೊಂದು ಬದಲಾವಣೆಯೂ ಇನ್ನೊಂದು ಗೇಟ್, ಇನ್ನೊಬ್ಬ ಸಿಬ್ಬಂದಿ, ಬಿನ್ ಜಾಗಕ್ಕೆ ಇನ್ನೊಂದು ಪೈಪೋಟಿ. ಟಿಕೆಟ್ ಒಂದು ಕಂಪನಿಯದ್ದು, ಹಾರಿಸುವುದು ಇನ್ನೊಂದು ಕಂಪನಿ ಅನ್ನುವ ಕೋಡ್‌ಶೇರ್ ಇದ್ದರೆ ಎರಡೂ ಕಡೆಯ ವಾದ್ಯದ ನಿಯಮ ಓದಿ. ಗೇಟ್‌ನಲ್ಲಿ ನಿಮ್ಮ ಎದುರಿಗೆ ನಿಲ್ಲುವವರು ಹಾರಿಸುವ ಕಂಪನಿಯವರು. ಅತೀ ಅಗ್ಗದ ದರದ ಟಿಕೆಟ್ ಕೂಡ ಇಲ್ಲಿ ಕೈಕೊಡುತ್ತದೆ. ಅದರಲ್ಲಿ ಕೊನೆಯ ಗುಂಪಿನಲ್ಲಿ ಹತ್ತಿಸುತ್ತಾರೆ, ಕೆಲವು ಕಡೆ ಕ್ಯಾಬಿನ್ ಬ್ಯಾಗೇ ಸೇರಿರುವುದಿಲ್ಲ. ಬೇಗ ಹತ್ತುವ ಸೌಲಭ್ಯಕ್ಕೆ ಕೊಡುವ ಆ ಸಣ್ಣ ಮೊತ್ತ, ನನ್ನ ಪ್ರಕಾರ, ಇಡೀ ಪ್ರಯಾಣದಲ್ಲಿ ಅತ್ಯಂತ ಸಾರ್ಥಕವಾದ ಖರ್ಚು.

ಯಾಕೆ ಅಂದರೆ ನಿಯಮಗಳೇ ಹಾಗಿವೆ. ಅಮೆರಿಕದಲ್ಲಿ 2012ರ ಕಾನೂನೊಂದರ ಆಧಾರದ ಮೇಲೆ 2015ರ ಮಾರ್ಚ್‌ನಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, ಅಲ್ಲಿನ ವಿಮಾನ ಕಂಪನಿಗಳು ವಯಲಿನ್, ಗಿಟಾರ್‌ನಂಥ ಸಣ್ಣ ವಾದ್ಯವನ್ನು ಕ್ಯಾಬಿನ್‌ಗೆ ಬಿಡಲೇಬೇಕು. ಕ್ಯಾಬಿನ್ ಬ್ಯಾಗಿನ ಮಾಮೂಲಿ ಶುಲ್ಕ ಬಿಟ್ಟು ಬೇರೇನೂ ಕೇಳುವ ಹಾಗಿಲ್ಲ. ಆದರೆ ಒಂದು ಷರತ್ತಿದೆ: ನೀವು ಹತ್ತುವ ಹೊತ್ತಿಗೆ ಬಿನ್‌ನಲ್ಲೋ ಸೀಟಿನ ಕೆಳಗೋ ಅದನ್ನು ಸುರಕ್ಷಿತವಾಗಿ ಇಡುವಷ್ಟು ಜಾಗ ಇರಬೇಕು. ಜಾಗ ಇಲ್ಲದಿದ್ದರೆ ಬೇರೆಯವರ ಬ್ಯಾಗ್ ತೆಗೆಸಿ ನಿಮ್ಮದನ್ನು ಇಡಬೇಕು ಅಂತ ಆ ನಿಯಮ ಹೇಳುವುದಿಲ್ಲ. ಅಂದರೆ ಹಕ್ಕು ಇದೆ, ಆದರೆ ಅದು ಮೊದಲು ಹತ್ತಿದವರ ಕೈಯಲ್ಲಿದೆ. ಕೆನಡಾದಲ್ಲಿ 2019ರ ಪ್ರಯಾಣಿಕರ ರಕ್ಷಣಾ ನಿಯಮಗಳು ಪ್ರತಿ ಕಂಪನಿಯೂ ವಾದ್ಯಗಳ ಬಗ್ಗೆ ತನ್ನ ಷರತ್ತುಗಳನ್ನು ಬರೆದಿಡಬೇಕು ಎನ್ನುತ್ತವೆ. ಉಳಿದ ಕಡೆಗಳಲ್ಲಿ ಬಹುಪಾಲು ಆಯಾ ಕಂಪನಿಯ ನಿಯಮವೇ ನಿಯಮ. ಎಲ್ಲಿಗೆ ಹೋಗುವುದಾದರೂ ನಿಮ್ಮ ಕಂಪನಿಯ ವಾದ್ಯದ ಪುಟವನ್ನು ಪ್ರಿಂಟ್ ತೆಗೆದು ಕೇಸ್‌ನಲ್ಲೇ ಇಟ್ಟುಕೊಳ್ಳಿ. ವಯಲಿನ್ ಕೇಸ್ ಸುಮಾರು 80 ಸೆಂ.ಮೀ. ಉದ್ದ. ಕ್ಯಾಬಿನ್ ಬ್ಯಾಗಿನ ಮಿತಿ ಹೆಚ್ಚಿನ ಕಡೆ 55 ಸೆಂ.ಮೀ. ಆಸುಪಾಸು. ಟೇಪ್ ಹಿಡಿದು ಅಳೆದರೆ ನೀವೇ ತಪ್ಪಿತಸ್ಥರ ಹಾಗೆ ಕಾಣುತ್ತೀರಿ, ಆದರೆ ವಾದ್ಯಕ್ಕೆ ಬೇರೆ ಅಳತೆ ಅಂತ ಅವರದೇ ಪುಟದಲ್ಲಿ ಬರೆದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತದೆ.

ವಯಲಿನ್ ಜಾತಿಯದೇ ಆದರೂ ತುಂಬ ದೊಡ್ಡದಾದ ಚೆಲ್ಲೋ ನುಡಿಸುವವರ ಕಥೆ ಬೇರೆ. ಅದು ಬಿನ್‌ಗೆ ಹೋಗುವುದಿಲ್ಲ, ಕೆಳಗೆ ಹಾಕಲು ಮನಸ್ಸು ಬರುವುದಿಲ್ಲ. ಅದಕ್ಕೇ ಇನ್ನೊಂದು ಸೀಟು ಕೊಳ್ಳಬೇಕು. ವಿಮಾನ ಕಂಪನಿಗಳ ಭಾಷೆಯಲ್ಲಿ ಇದಕ್ಕೆ ಸಿಬಿಬಿಜಿ ಎನ್ನುವ ಕೋಡ್ ಇದೆ, ಸೀಟಿನಲ್ಲಿ ಕೂರಿಸುವ ಕ್ಯಾಬಿನ್ ಬ್ಯಾಗೇಜ್ ಅಂತ ಅರ್ಥ. ದಪ್ಪಗಿರುವವರಿಗೋ ಹಾಯಾಗಿ ಕೂರಬೇಕೆನ್ನುವವರಿಗೋ ಕೊಡುವ ಎಕ್ಸ್‌ಟ್ರಾ ಸೀಟಿನ ಕೋಡ್ ಬೇರೆ, ಅದು ಇಎಕ್ಸ್‌ಎಸ್‌ಟಿ. ಎರಡನ್ನೂ ಬೆರೆಸಿದರೆ ಕೌಂಟರ್‌ನಲ್ಲಿ ತಲೆನೋವು. ಆದ್ದರಿಂದ ವೆಬ್‌ಸೈಟ್‌ನಲ್ಲಿ ‘ಚೆಲ್ಲೋ’ ಅಂತ ಪ್ರಯಾಣಿಕರ ಹೆಸರು ಕೊಟ್ಟು ಬುಕ್ ಮಾಡಬೇಡಿ, ಫೋನ್ ಮಾಡಿಯೇ ಮಾಡಿ. ಕೇಸ್‌ನ ಎತ್ತರ, ಅಗಲ, ತೂಕ ಹೇಳಿ, ಆ ಮಾದರಿಯ ವಿಮಾನದಲ್ಲಿ ಒಪ್ಪುತ್ತಾರಾ ಕೇಳಿ, ಒಪ್ಪಿದ್ದನ್ನು ಬುಕಿಂಗ್‌ನಲ್ಲಿ ಬರೆಸಿ. ಸಾಮಾನ್ಯವಾಗಿ ಕಿಟಕಿ ಪಕ್ಕದ ಸೀಟು ಕೊಡುತ್ತಾರೆ, ಬೇರೆಯವರ ದಾರಿಗೆ ಅಡ್ಡವಾಗಬಾರದು ಅಂತ. ತುರ್ತು ಬಾಗಿಲ ಸಾಲು ಸಿಗುವುದೇ ಇಲ್ಲ. ಕಟ್ಟಲು ಉದ್ದದ ಬೆಲ್ಟ್ ಬೇಕಾಗುತ್ತದೆ, ಹತ್ತಿದ ಕೂಡಲೇ ಸಿಬ್ಬಂದಿಯನ್ನು ಕೇಳಿ.

ಹೆಚ್ಚಿನವರಿಗೆ ಹೊಳೆಯದ ತೊಂದರೆ ಇನ್ನೊಂದಿದೆ. ವಿಮಾನ ರದ್ದಾದರೆ ಕಂಪ್ಯೂಟರ್ ತಾನೇ ನಿಮ್ಮನ್ನು ಬೇರೆ ವಿಮಾನಕ್ಕೆ ಹಾಕುತ್ತದೆ, ಆದರೆ ಚೆಲ್ಲೋಗೆ ಪಕ್ಕದ ಸೀಟು ಬೇಕು ಅನ್ನುವುದು ಅದಕ್ಕೆ ತಿಳಿಯದೆ ಹೋಗಬಹುದು. ನೀವೊಂದು ಕಡೆ, ಚೆಲ್ಲೋದ ಸೀಟು ಇನ್ನೊಂದು ಕಡೆ. ಹಾಗಾಗಿ ರದ್ದಾದ ಸಂದೇಶ ಬಂದ ತಕ್ಷಣ ಮೊದಲು ಫೋನ್ ಮಾಡಿ, ಎರಡು ಸೀಟೂ ಒಟ್ಟಿಗೆ ಹೋಗಬೇಕು ಅಂತ ಹೇಳಿ.

ಡಬಲ್ ಬೇಸ್, ಹಾರ್ಪ್, ಟಿಂಪನಿಯಂಥ ಭಾರೀ ವಾದ್ಯಗಳು? ಸುಮ್ನೆ ಹೊತ್ತುಕೊಂಡು ಹೋಗಬೇಡಿ. ಶಾಲೆಗೆ ಬರೆದು ಕೇಳಿ. ಪಿಯಾನೋ ಮತ್ತು ದೊಡ್ಡ ತಾಳವಾದ್ಯಗಳನ್ನು ಶಾಲೆಯವರೇ ಇಟ್ಟಿರುತ್ತಾರೆ, ಬೇಸ್ ಮತ್ತು ಹಾರ್ಪ್ ಎಷ್ಟೋ ಕಡೆ ಎರವಲು ಸಿಗುತ್ತದೆ. ಬೇಸನ್ನು ಒಯ್ಯಲೇಬೇಕಾದರೆ ಗಟ್ಟಿ ಫ್ಲೈಟ್ ಕೇಸ್ ಬೇಕು. ಅಮೆರಿಕದ ನಿಯಮದಲ್ಲಿ ಚೆಕ್-ಇನ್ ಮಾಡುವ ವಾದ್ಯಕ್ಕೆ ಕೇಸ್ ಸಮೇತ 165 ಪೌಂಡ್, ಅಂದರೆ ಸುಮಾರು 75 ಕೆಜಿ ತೂಕದ ಮಿತಿ. ಉದ್ದ, ಅಗಲ, ಎತ್ತರ ಮೂರೂ ಸೇರಿ 150 ಇಂಚು ಮೀರಬಾರದು. ಪರಿಚಯವಿಲ್ಲದ ಬೇಸ್‌ನಲ್ಲಿ ಆಡಿಷನ್ ಕೊಡುವುದು ಕಷ್ಟ, ಒಪ್ಪುತ್ತೇನೆ. ಒಂದು ದಿನ ಮುಂಚೆ ಅದು ಕೈಗೆ ಸಿಗುವಂತೆ ಮಾಡಿಕೊಂಡು, ನಿಮ್ಮದೇ ಬೋ (ತಂತಿ ಉಜ್ಜುವ ಕಮಾನು) ಒಯ್ದರೆ ಆ ಕಷ್ಟ ಬಹಳ ಕಡಿಮೆಯಾಗುತ್ತದೆ.

ಈಗ ಗಾಳಿಯ ವಿಷಯ. ವಿಮಾನದ ಒತ್ತಡದಿಂದ ವಾದ್ಯ ಸಿಡಿಯುತ್ತದೆ ಅಂತ ಹೆದರುವವರಿದ್ದಾರೆ. ಒತ್ತಡದಿಂದ ಏನೂ ಆಗುವುದಿಲ್ಲ. ಪ್ರಯಾಣಿಕ ವಿಮಾನದಲ್ಲಿ ಕೆಳಗಿನ ಲಗೇಜ್ ಜಾಗಕ್ಕೂ ಕ್ಯಾಬಿನ್‌ನಷ್ಟೇ ಒತ್ತಡವಿರುತ್ತದೆ. ತೊಂದರೆ ಒಣಗಾಳಿಯದ್ದು. ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಹೊರಗೆ ಮೈನಸ್ 50 ಡಿಗ್ರಿ. ಅಷ್ಟು ತಣ್ಣಗಿನ ಗಾಳಿಯಲ್ಲಿ ನೀರಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಅದೇ ಗಾಳಿಯನ್ನು ಎಳೆದುಕೊಂಡು, ಬೆಚ್ಚಗೆ ಮಾಡಿ ಒಳಗೆ ಬಿಡುತ್ತಾರೆ. ಹಾಗಾಗಿ ದೂರದ ಹಾರಾಟದಲ್ಲಿ ಕ್ಯಾಬಿನ್‌ನ ತೇವಾಂಶ 20 ಶೇಕಡಕ್ಕಿಂತಲೂ ಕೆಳಗಿಳಿಯುತ್ತದೆ. ಮರದ ವಾದ್ಯಕ್ಕೆ ಹಿತವಾದದ್ದು 40ರಿಂದ 60.

ಮರ ಒಣಗಿದಾಗ ಎಲ್ಲ ಕಡೆಗೂ ಒಂದೇ ಸಮ ಕುಗ್ಗುವುದಿಲ್ಲ. ಎಳೆಯ ಉದ್ದಕ್ಕೆ ಹೆಚ್ಚುಕಮ್ಮಿ ಹಾಗೇ ಇರುತ್ತದೆ, ಅಡ್ಡಕ್ಕೆ ಕುಗ್ಗುತ್ತದೆ. ತಂತಿ ಸುತ್ತಿ ಶ್ರುತಿ ಮಾಡುವ ಬಿರಡೆಯನ್ನೇ ತೆಗೆದುಕೊಳ್ಳಿ. ದುಂಡಗಿದ್ದ ಬಿರಡೆ ಒಣಗಿ ತುಸು ಸಣ್ಣಗಾಗುತ್ತದೆ, ಜೊತೆಗೆ ತುಸು ಮೊಟ್ಟೆಯಾಕಾರಕ್ಕೂ ತಿರುಗುತ್ತದೆ, ತೂತಿನಲ್ಲಿ ಹಿಡಿತ ತಪ್ಪಿ ಸರ್ರನೆ ಜಾರುತ್ತದೆ. ರಾತ್ರಿ ಹೋಟೆಲ್‌ನಲ್ಲಿ ಕೇಸ್ ತೆರೆದಾಗ ತಂತಿಗಳು ಸಡಿಲವಾಗಿ ಬಿದ್ದಿರುವುದು ಇದೇ ಕಾರಣಕ್ಕೆ. ಇನ್ನು ವಯಲಿನ್‌ನ ಮೇಲ್ಹಲಗೆಯನ್ನು ಪಕ್ಕಗಳಿಗೆ ಅಂಟಿಸಿರುವುದು ಪ್ರಾಣಿಮೂಲದ ಅಂಟಿನಿಂದ. ಬೇಕೆಂದೇ ಮರಕ್ಕಿಂತ ದುರ್ಬಲವಾದ ಅಂಟು ಹಾಕಿರುತ್ತಾರೆ, ಮರ ಎಳೆದಾಡಿದರೆ ಹಲಗೆ ಬಿರುಕುಬಿಡುವ ಬದಲು ಅಂಟು ಬಿಡಲಿ ಅಂತ. ನುಡಿಸುವಾಗ ಎಲ್ಲೋ ಒಂದು ಕಡೆ ಗರ್ ಅನ್ನುವ ಸದ್ದು ಬಂದರೆ ಗಾಬರಿಯಾಗಬೇಡಿ. ಅಂಚನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ ಅಂಟು ಬಿಟ್ಟಿರುತ್ತದೆ. ರಿಪೇರಿಯವರಿಗೆ ಅದು ಸಣ್ಣ ಕೆಲಸ. ಫೆವಿಕಾಲ್, ಸೂಪರ್ ಗ್ಲೂ ಮಾತ್ರ ಖಂಡಿತ ಹಚ್ಚಬೇಡಿ.

ಇದಕ್ಕೆ ಪರಿಹಾರ ಸುಲಭ. ಕೇಸ್ ಒಳಗೆ ತೇವಾಂಶ ಕಾಯುವ ಪ್ಯಾಕ್‌ಗಳನ್ನು ಇಡಿ, ಬೇಕಾದಾಗ ತೇವ ಬಿಡುವ, ಜಾಸ್ತಿಯಾದಾಗ ಹೀರುವ ಎರಡೂ ಕೆಲಸದ ಪ್ಯಾಕ್‌ಗಳು ಸಿಗುತ್ತವೆ. ಮತ್ತೆ ಹಾರಾಟದ ಹೊತ್ತಿನಲ್ಲಿ ಕೇಸ್ ತೆರೆಯಬೇಡಿ. ಚೆನ್ನಾಗಿ ಮುಚ್ಚಿಕೊಳ್ಳುವ ಕೇಸ್‌ನೊಳಗಿನ ಗಾಳಿ ನಿಧಾನಕ್ಕೆ ಬದಲಾಗುತ್ತದೆ, ಆ ನಿಧಾನವೇ ವಾದ್ಯವನ್ನು ಕಾಪಾಡುವುದು. ತಲುಪಿದ ಮೇಲೂ ಅಷ್ಟೇ: ಹೊರಗೆ ಹಿಮ, ಒಳಗೆ ಹೀಟರ್ ಇದ್ದರೆ ಕೋಣೆಗೆ ಬಂದ ಕೂಡಲೇ ಕೇಸ್ ತೆರೆಯದೆ, ಮುಚ್ಚಿದ ಹಾಗೇ ಒಂದೆರಡು ಗಂಟೆ ಬಿಡಿ. ಹೀಟರ್ ಪಕ್ಕ ಬೇಡ, ಕಿಟಕಿಯ ಪಕ್ಕವೂ ಬೇಡ. ಹೋಟೆಲ್ ಕೋಣೆಗಳು ಚಳಿಗಾಲದಲ್ಲಿ ವಿಮಾನದಷ್ಟೇ ಒಣಗಿರುತ್ತವೆ, ಸ್ನಾನದ ಮನೆಯ ಬಾಗಿಲು ತೆರೆದಿಟ್ಟು ಬಿಸಿನೀರಿನಲ್ಲಿ ಸ್ನಾನ ಮಾಡಿದರೆ ಕೋಣೆಗೂ ಸ್ವಲ್ಪ ತೇವ ಬರುತ್ತದೆ.

ತಂತಿ ಸಡಿಲಿಸಬೇಕಾ ಅನ್ನುವ ಪ್ರಶ್ನೆಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ವಯಲಿನ್ ಕುಟುಂಬಕ್ಕೆ ನನ್ನ ಉತ್ತರ: ಕ್ಯಾಬಿನ್‌ನಲ್ಲಿ ಜೊತೆಗೇ ಇದ್ದರೆ ಹಾಗೇ ಬಿಡಿ, ಅಥವಾ ಹೆಚ್ಚೆಂದರೆ ಅರ್ಧ ಸ್ವರ ಇಳಿಸಿ. ಪೂರ್ತಿ ಸಡಿಲಿಸಬೇಡಿ. ವಯಲಿನ್‌ನ ಒಳಗೆ, ಕುದುರೆಯ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡಿನ) ಒಂದು ಕಾಲಿನ ಹಿಂದೆ, ಸೌಂಡ್‌ಪೋಸ್ಟ್ ಎಂಬ ಪುಟ್ಟ ಮರದ ಕಡ್ಡಿ ನಿಂತಿರುತ್ತದೆ. ಅದನ್ನು ಅಂಟಿಸಿರುವುದಿಲ್ಲ. ಮೇಲಿನ ಮತ್ತು ಕೆಳಗಿನ ಹಲಗೆಗಳ ನಡುವೆ ಬಿಗಿಯಾಗಿ ಸಿಕ್ಕಿ ನಿಂತಿರುತ್ತದೆ, ಆ ಬಿಗಿತ ಉಳಿಯಲು ತಂತಿಗಳು ಕುದುರೆಯನ್ನು ಕೆಳಗೆ ಒತ್ತುತ್ತಿರಬೇಕು. ತಂತಿ ಪೂರ್ತಿ ಬಿಟ್ಟರೆ ಕುದುರೆ ಬೀಳುತ್ತದೆ, ಒಂದು ಕುಲುಕಿಗೆ ಸೌಂಡ್‌ಪೋಸ್ಟ್ ಕೂಡ ಉರುಳುತ್ತದೆ. ಆಮೇಲೆ ಅದನ್ನು ನಿಲ್ಲಿಸುವುದು ನಿಮ್ಮ ನನ್ನ ಕೈಲಿ ಆಗುವ ಕೆಲಸ ಅಲ್ಲ, ನಿಲ್ಲಿಸಿದರೂ ಕೂದಲೆಳೆಯಷ್ಟು ಜಾಗ ಬದಲಾದರೆ ನಾದವೇ ಬದಲಾಗುತ್ತದೆ. ಬೋ ಮಾತ್ರ ಪೂರ್ತಿ ಸಡಿಲಿಸಿ, ಒಣಗಾಳಿಗೆ ಅದರ ಕೂದಲು ತಾನಾಗಿ ಬಿಗಿಯಾಗುತ್ತದೆ. ತಲುಪಿದ ಮೇಲೆ ಶ್ರುತಿ ಮಾಡುವಾಗ ಪ್ರತಿ ಸಲ ಬಿರಡೆ ತಿರುಗಿಸಿದ ಮೇಲೂ ಕುದುರೆಯನ್ನು ಪಕ್ಕದಿಂದ ನೋಡಿ. ವಾದ್ಯದ ಬುಡದಲ್ಲಿ ತಂತಿಗಳನ್ನು ಕಟ್ಟಿರುವ ತುಂಡಿನ ಕಡೆಗಿರುವ ಅದರ ಮುಖ ನೆಟ್ಟಗೆ ನಿಂತಿರಬೇಕು. ತಂತಿ ಬಿಗಿಯುತ್ತಾ ಹೋದ ಹಾಗೆ ಅದು ಮುಂದಕ್ಕೆ ವಾಲುತ್ತದೆ, ಗಮನಿಸದಿದ್ದರೆ ಟಪ್ ಅಂತ ಮಗುಚುತ್ತದೆ.

ಒಬೋ, ಕ್ಲಾರಿನೆಟ್‌ನಂಥ ಮರದ ಊದುವ ವಾದ್ಯದವರು ಬಿರುಕಿಗೆ ಹೆದರಬೇಕಾದದ್ದು ವಿಮಾನದಲ್ಲಿ ಅಲ್ಲ, ಇಳಿದ ಮೇಲೆ. ತಣ್ಣಗಿರುವ ವಾದ್ಯಕ್ಕೆ ಬಿಸಿ ಉಸಿರು ಊದಿದರೆ ಒಳಭಾಗ ಹಿಗ್ಗುತ್ತದೆ, ಹೊರಭಾಗ ಇನ್ನೂ ತಣ್ಣಗೆ, ಒಣಗಿ ಹಾಗೇ ಇರುತ್ತದೆ. ಮೇಲಿನ ತುಂಡು ಬಿರುಕುಬಿಡುವುದು ಇಲ್ಲೇ. ಮೊದಲು ಕಂಕುಳಲ್ಲಿ ಇಟ್ಟುಕೊಂಡು ಹೊರಗಿನಿಂದ ಬೆಚ್ಚಗೆ ಮಾಡಿ, ಆಮೇಲೆ ಊದಿ. ರೀಡ್‌ಗಳು (ಬಾಯಿಯ ಬಳಿ ಕಂಪಿಸಿ ಸ್ವರ ಹುಟ್ಟಿಸುವ ತೆಳು ಪಟ್ಟಿಗಳು) ಎತ್ತರಕ್ಕೆ ತಕ್ಕಂತೆ ವರ್ತನೆ ಬದಲಿಸುತ್ತವೆ. ಡೆನ್ವರ್ ನಗರ ಸಮುದ್ರ ಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ, ಸಮುದ್ರ ತೀರದಲ್ಲಿ ಕೆತ್ತಿದ ಒಬೋ ರೀಡ್ ಅಲ್ಲಿ ಬೇರೆಯದೇ ರೀಡ್ ಅನ್ನಿಸುತ್ತದೆ. ಬೇರೆಬೇರೆ ದಪ್ಪದ ಹಲವು ರೀಡ್ ಒಯ್ಯಿರಿ. ರೀಡ್ ಕೆತ್ತುವ ಚಾಕು ಮಾತ್ರ ಚೆಕ್-ಇನ್ ಬ್ಯಾಗಿನಲ್ಲೇ ಇರಲಿ, ಭದ್ರತಾ ತಪಾಸಣೆಯಲ್ಲಿ ಅದು ಉಳಿಯುವುದಿಲ್ಲ. ಟ್ರಂಪೆಟ್‌ನ ವಾಲ್ವ್ ಎಣ್ಣೆಯೂ ದ್ರವವೇ, 100 ಮಿಲಿಲೀಟರ್ ನಿಯಮ ಅದಕ್ಕೂ ಇದೆ. ಕೆಲವು ಎಣ್ಣೆಗಳು ಬೆಂಕಿ ಹತ್ತುವ ಜಾತಿಯವು, ಬಾಟಲಿಯ ಮೇಲೆ ಆ ಗುರುತಿದ್ದರೆ ಬಿಟ್ಟು ಹೋಗಿ, ಅಲ್ಲೇ ಕೊಳ್ಳಿ. ಟ್ರೊಂಬೋನ್‌ನವರು ಸ್ಲೈಡನ್ನು ಪ್ರಾಣದಂತೆ ಕಾಪಾಡಿ. ಗಂಟೆಯಾಕಾರದ ಬಾಯಿಯ ಅಂಚು ಸ್ವಲ್ಪ ನೆಗ್ಗಿದರೂ ನುಡಿಸಬಹುದು, ಸ್ಲೈಡ್ ಕಣ್ಣಿಗೆ ಕಾಣದಷ್ಟು ಬಾಗಿದರೂ ನುಡಿಸಲಾಗುವುದಿಲ್ಲ.

ವಾದ್ಯ ಕೆಳಗೆ ಹೋಗಲೇಬೇಕಾದರೆ? ಗಿಟಾರ್ ವಿಷಯ ಹೇಳುತ್ತೇನೆ, ಉಳಿದವಕ್ಕೂ ತರ್ಕ ಅದೇ. ಗಿಟಾರ್ ಮುರಿಯುವುದು ಹೆಚ್ಚಾಗಿ ಕುತ್ತಿಗೆ ತಲೆಯನ್ನು ಸೇರುವ ಜಾಗದಲ್ಲಿ. ಬಹಳಷ್ಟು ಗಿಟಾರ್‌ಗಳಲ್ಲಿ ತಲೆ ಹಿಂದಕ್ಕೆ ಬಾಗಿರುತ್ತದೆ, ಅಲ್ಲಿ ಮರದ ಎಳೆಗಳು ತುಂಡು ತುಂಡಾಗಿ ಬರುತ್ತವೆ, ಸಾಲದ್ದಕ್ಕೆ ಬಿರಡೆ ಯಂತ್ರಗಳ ತೂಕ. ಕೇಸ್ ಬೆನ್ನ ಮೇಲೆ ಬಿದ್ದಾಗ ಒಡಲು ನಿಲ್ಲುತ್ತದೆ, ತಲೆ ಮಾತ್ರ ಮುಂದಕ್ಕೋ ಹಿಂದಕ್ಕೋ ಬೀಸುತ್ತದೆ. ಕೇಸ್‌ಗೆ ಒಂದು ಗೀರೂ ಬಿದ್ದಿರುವುದಿಲ್ಲ, ಒಳಗೆ ಕುತ್ತಿಗೆ ಮುರಿದಿರುತ್ತದೆ. ಹಾಗಾಗಿ ತಲೆಯ ಕೆಳಗೂ ಮೇಲೂ ಅಕ್ಕಪಕ್ಕಕ್ಕೂ ಮೆತ್ತನೆ ಬಟ್ಟೆ ತುಂಬಿ, ಅದು ಅಲ್ಲಾಡದಂತೆ ಮಾಡಿ. ತಂತಿಗಳನ್ನು ಒಂದೆರಡು ಸ್ವರ ಇಳಿಸಿ. ಕೇಸ್‌ನಲ್ಲಿ ಸಡಿಲವಾಗಿರುವ ಟ್ಯೂನರ್, ಕ್ಯಾಪೋ ಎಲ್ಲ ತೆಗೆಯಿರಿ. ಮುಚ್ಚಿ ಅಲ್ಲಾಡಿಸಿ ನೋಡಿ, ಒಳಗಿಂದ ಏನೂ ಕೇಳಿಸಬಾರದು. ಭದ್ರತಾ ಸಿಬ್ಬಂದಿ ನೀವಿಲ್ಲದಾಗ ತೆರೆದು ನೋಡಬಹುದು, ಹೇಗೆ ವಾಪಸ್ ಇಡಬೇಕು ಅಂತ ಒಂದು ಫೋಟೋ ಸಮೇತ ಚೀಟಿ ಒಳಗೆ ಮೇಲುಗಡೆಯೇ ಇಡಿ.

ಗೇಟ್‌ನಲ್ಲಿ ‘ಇದನ್ನು ಕೆಳಗೆ ಹಾಕಬೇಕು’ ಅಂದರೆ ದನಿ ಏರಿಸಬೇಡಿ. ಪ್ರಿಂಟ್ ತೋರಿಸಿ, ವಿಮಾನದ ಮುಂಭಾಗದಲ್ಲಿ ಕೋಟ್ ಇಡುವ ಕಪಾಟಿನಲ್ಲಿ ಜಾಗವಿದೆಯಾ ಕೇಳಿ. ಯಾವುದೂ ಆಗದಿದ್ದರೆ, ಬಾಗಿಲಲ್ಲೇ ಕೊಟ್ಟು ಬಾಗಿಲಲ್ಲೇ ವಾಪಸ್ ಪಡೆಯುವ ವ್ಯವಸ್ಥೆ ಕೇಳಿ. ಲಗೇಜ್ ಬೆಲ್ಟ್ ಮೇಲೆ ಹೋಗಿ ಬರುವುದಕ್ಕಿಂತ ಅದು ಎಷ್ಟೋ ಮೇಲು.

ಗಡಿ ದಾಟುವವರು ಮರದ ಹೆಸರನ್ನೂ ತಿಳಿದಿರಬೇಕು. ಅಳಿವಿನಂಚಿನ ಜೀವಿಗಳ ವ್ಯಾಪಾರದ ಬಗ್ಗೆ ಸೈಟಿಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದವಿದೆ. ಬ್ರೆಜಿಲ್‌ನ ರೋಸ್‌ವುಡ್ 1992ರಿಂದಲೂ ಅದರ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ. ಉಳಿದ ರೋಸ್‌ವುಡ್‌ಗಳು, ಕ್ಲಾರಿನೆಟ್ ಮಾಡುವ ಕರಿಮರವೂ ಸೇರಿ, 2017ರಲ್ಲಿ ನಿಯಂತ್ರಣಕ್ಕೆ ಬಂದವು, ಸಿದ್ಧ ವಾದ್ಯಗಳಿಗೆ 2019ರ ನವೆಂಬರ್‌ನಲ್ಲಿ ವಿನಾಯಿತಿ ಸಿಕ್ಕಿತು. ಆನೆದಂತ, ಆಮೆಚಿಪ್ಪು ಇರುವ ಹಳೆಯ ಬೋಗಳದ್ದು ದೊಡ್ಡ ತಲೆನೋವು. 2014ರಲ್ಲಿ ಬುಡಾಪೆಸ್ಟ್ ಫೆಸ್ಟಿವಲ್ ಆರ್ಕೆಸ್ಟ್ರಾ ನ್ಯೂಯಾರ್ಕ್‌ಗೆ ಬಂದಾಗ ದಂತದ ಅನುಮಾನದ ಮೇಲೆ ಏಳು ಬೋಗಳನ್ನು ವಿಮಾನ ನಿಲ್ದಾಣದಲ್ಲೇ ತಡೆಹಿಡಿದಿದ್ದರು. ಮೂರು ವರ್ಷ ನಡೆಯುವ ವಾದ್ಯದ ಪ್ರಮಾಣಪತ್ರ ಮಾಡಿಸಬಹುದು, ಆದರೆ ಅದಕ್ಕೆ ಸಮಯ ಹಿಡಿಯುತ್ತದೆ. ಆಡಿಷನ್‌ಗೆ ಅಂಥ ಬೋ ಬೇಡ, ಕಾರ್ಬನ್ ಫೈಬರ್‌ನದ್ದು ಅಭ್ಯಾಸ ಮಾಡಿಕೊಳ್ಳಿ.

ಹಾನಿಯಾದರೆ ವಿಮಾನ ಕಂಪನಿ ಕೊಡುತ್ತದೆ ಅಂತ ನಂಬಿಕೊಂಡು ಕೂರಬೇಡಿ. ಅಂತಾರಾಷ್ಟ್ರೀಯ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ. 2024ರ ಡಿಸೆಂಬರ್ 28ರಿಂದ ಲಗೇಜ್ ಹಾನಿಗೆ ಒಬ್ಬ ಪ್ರಯಾಣಿಕರಿಗೆ ಮಿತಿ 1,519 ಎಸ್‌ಡಿಆರ್ (ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ), ಅಂದರೆ ಸುಮಾರು 2,000 ಅಮೆರಿಕನ್ ಡಾಲರ್. ಒಂದು ಒಳ್ಳೆಯ ಬೋಗೂ ಅದು ಸಾಲುವುದಿಲ್ಲ. ಚೆಕ್-ಇನ್ ಮಾಡುವಾಗಲೇ ಹೆಚ್ಚಿನ ಮೌಲ್ಯ ಘೋಷಿಸಿ, ಕೇಳಿದ ಶುಲ್ಕ ಕಟ್ಟಿದರೆ ಮಿತಿ ಏರುತ್ತದೆ. ಇದಕ್ಕಿಂತ ವಾದ್ಯಕ್ಕೇ ಪ್ರತ್ಯೇಕ ವಿಮೆ ಮಾಡಿಸುವುದು ಒಳ್ಳೆಯದು, ವಿಮಾನ ಪ್ರಯಾಣ ಅದರಲ್ಲಿ ಸೇರಿದೆಯಾ ನೋಡಿ. ಹೊರಡುವ ಮುಂಚೆ ಎಲ್ಲ ಕೋನಗಳಿಂದ ಫೋಟೋ ತೆಗೆಯಿರಿ. ಹಾನಿ ಕಂಡರೆ ನಿಲ್ದಾಣ ಬಿಡುವ ಮುಂಚೆಯೇ ಕೌಂಟರ್‌ನಲ್ಲಿ ಬರೆಸಿ. ಲಿಖಿತ ದೂರಿಗೆ ಲಗೇಜ್ ಕೈಗೆ ಬಂದ ದಿನದಿಂದ ಏಳು ದಿನ ಮಾತ್ರ ಅವಕಾಶ.

ಕೊನೆಗೆ ದಿನಗಳ ಲೆಕ್ಕ. ಅಮೆರಿಕದ ಸಂಗೀತ ಶಾಲೆಗಳ ನೇರ ಆಡಿಷನ್‌ಗಳು ಹೆಚ್ಚಾಗಿ ಜನವರಿಯಿಂದ ಮಾರ್ಚ್‌ವರೆಗೆ, ಅಂದರೆ ಸರಿಯಾಗಿ ಹಿಮಪಾತದ ಕಾಲ. ಹಿಂದಿನ ದಿನ ರಾತ್ರಿ ತಲುಪುವ ಯೋಜನೆಗೆ ಒಂದು ರದ್ದಾದ ವಿಮಾನ ಸಾಕು. ಎರಡು ದಿನ ಮುಂಚೆ ಬೆಳಗಿನ ಮೊದಲ ವಿಮಾನ ಹಿಡಿಯಿರಿ. ವಿಳಂಬಗಳು ದಿನ ಏರಿದ ಹಾಗೆ ಒಂದರ ಮೇಲೊಂದು ಸೇರಿಕೊಳ್ಳುತ್ತವೆ, ಮತ್ತೆ ಮೊದಲ ವಿಮಾನ ತಪ್ಪಿದರೂ ಇಡೀ ದಿನ ಕೈಯಲ್ಲಿರುತ್ತದೆ. ಆ ಹೆಚ್ಚುವರಿ ದಿನ ವಾದ್ಯಕ್ಕೂ ಬೇಕು, ಹೊಸ ಹವೆಗೆ ಹೊಂದಿಕೊಳ್ಳಲು. ತಂತಿ ಹೊಸದು ಹಾಕುವುದಿದ್ದರೆ ಹೊರಡುವ ವಾರ ಮುಂಚೆಯೇ ಹಾಕಿ, ಈಗಾಗಲೇ ನುಡಿಸಿ ಪಳಗಿದ ಹಳೆಯ ಜೊತೆಯನ್ನು ಕೇಸ್‌ನಲ್ಲಿಡಿ. ತುರ್ತಿಗೆ ಅದೇ ಬೇಗ ಶ್ರುತಿಯಲ್ಲಿ ನಿಲ್ಲುವುದು.

ಹೊರಡುವ ಮುಂಚೆ ಶಾಲೆಯ ಪ್ರವೇಶ ವಿಭಾಗಕ್ಕೆ ಒಂದು ಮೇಲ್ ಬರೆಯಿರಿ. ಅಭ್ಯಾಸಕ್ಕೆ ಕೋಣೆ ಸಿಗುತ್ತದಾ, ಹತ್ತಿರದಲ್ಲಿ ಒಳ್ಳೆಯ ರಿಪೇರಿಯವರು ಯಾರು, ವಾದ್ಯಕ್ಕೆ ಏನಾದರೂ ಆದರೆ ಎರವಲು ಸಿಗುತ್ತದಾ, ವಿಮಾನ ರದ್ದಾದರೆ ಬೇರೆ ದಿನ ಅಥವಾ ರೆಕಾರ್ಡಿಂಗ್ ಒಪ್ಪುತ್ತೀರಾ ಅಂತ ಕೇಳಿ. ಅವರಿಗೆ ಇಂಥ ಪ್ರಶ್ನೆಗಳು ಹೊಸದಲ್ಲ, ಕೇಳಿದ್ದಕ್ಕೆ ಯಾರೂ ನಿಮ್ಮ ಅಂಕ ಕಡಿಮೆ ಮಾಡುವುದಿಲ್ಲ. ಅದೇ ಮೇಲ್‌ನಲ್ಲಿ ಎರಡನೇ ಸುತ್ತಿಗೆ ಕರೆಯುವ ಪದ್ಧತಿ ಇದೆಯಾ, ಇದ್ದರೆ ಯಾವ ದಿನ ಅನ್ನುವುದನ್ನೂ ಕೇಳಿಕೊಳ್ಳಿ. ಕೆಲವು ಶಾಲೆಗಳು ಅದೇ ದಿನ ಸಂಜೆಯೋ ಮರುದಿನವೋ ಮತ್ತೆ ಕರೆಯುತ್ತವೆ. ವಾಪಸಾತಿ ಟಿಕೆಟನ್ನು ಆ ಉತ್ತರ ಬಂದ ಮೇಲೆಯೇ ತೆಗೆಯಿರಿ, ಅದೂ ದಿನ ಬದಲಾಯಿಸಲು ಬರುವಂಥದ್ದನ್ನೇ.